ಬೀಸುಕಲ್ಲು ನಿಲ್ಲುವ ಹೊತ್ತು

ನಮ್ಮೂರಿನ ಸ್ಕೂಲು ನಡೆಯುತ್ತಿದ್ದದ್ದು ನಮ್ಮ ಮನೆಯ ಪಡಸಾಲೆಯಲ್ಲಿ. ಬಾಗೂರಿನಿಂದ ಎರಡು ಮೈಲಿ ಆಚೆಗೆ, ತೆಂಗಿನ ತೋಟಗಳ ನಡುವೆ ಇದ್ದ ಸಣ್ಣ ಊರು ಅದು. ಸರ್ಕಾರದವರು ಮೇಷ್ಟ್ರನ್ನು ಕೊಟ್ಟಿದ್ದರು, ಕಟ್ಟಡ ಕೊಟ್ಟಿರಲಿಲ್ಲ. ಇದ್ದುದರಲ್ಲಿ ದೊಡ್ಡ ಪಡಸಾಲೆ ನಮ್ಮದೇ ಎಂದು ಅಪ್ಪ ಸ್ವಲ್ಪ ಜಂಬದಿಂದಲೇ ಬಿಟ್ಟುಕೊಟ್ಟಿದ್ದ. ಬೆಳಿಗ್ಗೆ ಹತ್ತು ಗಂಟೆಗೆ ರಾಗಿ ಮೂಟೆಗಳನ್ನು ಗೋಡೆಗೆ ಒತ್ತರಿಸಿ, ನೇಗಿಲನ್ನು ಮೂಲೆಗೆ ನಿಲ್ಲಿಸಿ, ಮಹಾರಾಜರ ಪಟವನ್ನು ಮೊಳೆಗೆ ತೂಗುಹಾಕಿದರೆ ಅದು ಸ್ಕೂಲು. ಸಂಜೆ ಪಟ ಕೆಳಗಿಳಿಸಿದರೆ ಮತ್ತೆ ಮನೆ. ಮುಂದೆ ನಾಟಕದ ಕಂಪನಿ ಸೇರಿದಾಗ, ಒಂದು ಪರದೆ ಬಿದ್ದು ಇನ್ನೊಂದು ಎದ್ದರೆ ಕಾಡು ಅರಮನೆಯಾಗುವುದನ್ನು ಕಂಡು ಹೊಸಬರು ಬಾಯಿ ಬಿಡುತ್ತಿದ್ದರು. ನನಗೆ ನಗು ಬರುತ್ತಿತ್ತು. ಅದು ನಾನು ಮನೆಯಲ್ಲಿ ದಿನಾ ಕಂಡ ಕೆಲಸ. ಪಡಸಾಲೆಗೂ ಅಡಿಗೆಮನೆಗೂ ನಡುವೆ ಒಂದು ಮಣ್ಣಿನ ಗೋಡೆ, ಗೋಡೆಯ ಆ ಬದಿಗೆ ಅವ್ವನ ಬೀಸುಕಲ್ಲು. ಇಲ್ಲಿ ಮಗ್ಗಿ ಹೇಳಿದರೆ ಅಲ್ಲಿಗೆ ಕೇಳುತ್ತಿತ್ತು, ಅಲ್ಲಿ ಒಗ್ಗರಣೆ ಹಾಕಿದರೆ ಇಲ್ಲಿ ಮಗ್ಗಿ ತಪ್ಪುತ್ತಿತ್ತು.

ಮೇಷ್ಟ್ರು ಪದ್ಮಯ್ಯನವರು. ಬೆಳಗೊಳದ ಕಡೆಯ ಜೈನರು. ನಮ್ಮ ಜಗಲಿಯ ಕೊನೆಯ ಸಣ್ಣ ಕೋಣೆಯಲ್ಲಿ ಒಬ್ಬರೇ ಇದ್ದುಕೊಂಡು ತಮ್ಮ ಅಡಿಗೆ ತಾವೇ ಮಾಡಿಕೊಳ್ಳುತ್ತಿದ್ದರು. ಅಕ್ಕಿ, ಬೇಳೆ, ಉಪ್ಪು ಅವ್ವ ಕೊಡುತ್ತಿದ್ದಳು. ಹೊತ್ತು ಮುಳುಗುವ ಮುಂಚೆ ಅವರ ಊಟ ಮುಗಿಯಬೇಕು. ಬಾವಿಯ ನೀರನ್ನು ಬಿಳಿ ಬಟ್ಟೆಯಲ್ಲಿ ಸೋಸಿದ ಮೇಲೆ, ಬಟ್ಟೆಗೆ ಅಂಟಿದ ಕಣ್ಣಿಗೆ ಕಾಣದ ಹುಳುಗಳು ಸಾಯಬಾರದೆಂದು ಅದನ್ನು ಮತ್ತೆ ಬಾವಿಯ ನೀರಿಗೇ ಅದ್ದುತ್ತಿದ್ದರು. ಇಷ್ಟು ನಾಜೂಕಿನ ಮನುಷ್ಯ ಹಾಜರಿ ಪುಸ್ತಕದ ವಿಷಯದಲ್ಲಿ ಮಾತ್ರ ಕಲ್ಲು. ಮಗು ಎದುರಿಗೇ ಕೂತಿದ್ದರೂ ಸಾಲದು. ಹೆಸರು ಕೂಗಿದಾಗ ಅದು ಬಾಯಿಬಿಟ್ಟು ಉತ್ತರ ಕೊಟ್ಟರೆ ಮಾತ್ರ ಗೆರೆ ಎಳೆಯುತ್ತಿದ್ದರು. ಒಮ್ಮೆ ಮಂಗಬಾವು ಬಂದು ಬಾಯಿ ತೆರೆಯಲಾಗದ ಹುಡುಗಿಯೊಬ್ಬಳು ಇಡೀ ದಿನ ಅವರ ಕಣ್ಣೆದುರು ಕೂತು ಗೈರುಹಾಜರಾದಳು. ಕೇಳಿದರೆ ಅವರದು ಒಂದೇ ಮಾತು.

"ನಾನು ಕೂಗಿದೆ, ಉತ್ತರ ಬಂತು, ಬರೆದೆ. ಕಿವೀಲಿ ಕೇಳದ್ದನ್ನ ನಾನು ಬರೆಯೋನಲ್ಲ."

ಅಣ್ಣ ಸಿದ್ದಪ್ಪ ನನಗಿಂತ ಎರಡು ವರ್ಷಕ್ಕೆ ದೊಡ್ಡವನು. ಒಬ್ಬರೇ ಮೇಷ್ಟ್ರ ಸ್ಕೂಲಾದ್ದರಿಂದ ಇಬ್ಬರಿಗೂ ಒಂದೇ ಚಾಪೆ. ನಾವೆಲ್ಲ "ಹಾಜರ್ ಸಾ" ಎಂದರೆ ಅವನು ಮಾತ್ರ, ಹೊಲದಲ್ಲಿ ಯಾರೋ ಕೂಗಿದಾಗ ಇದ್ದೀನಿ ಎಂದು ಓಗೊಡುವ ಹಾಗೆ, ಎಳೆದು "ಇವ್ನಿ ಸಾ" ಎನ್ನುತ್ತಿದ್ದ. ಮೇಷ್ಟ್ರು ಬೈದು ನೋಡಿದರು, ಕಿವಿ ಹಿಂಡಿ ನೋಡಿದರು. ಅವನು ಬದಲಾಗಲಿಲ್ಲ. ಅವನ ದನಿ ಚಿಕ್ಕಂದಿನಿಂದಲೂ ಸ್ವಲ್ಪ ಒಡಕು, ನಿಧಾನ, ಮೂಗಿನ ಕಡೆಗೆ ವಾಲಿದ್ದು. ಅದನ್ನು ಅವನು ಬದುಕಿದ್ದಾಗಲೇ ನಾನು ಕದ್ದಿದ್ದೆ. ಅಡಿಗೆಮನೆಯ ಬಾಗಿಲ ಮರೆಯಲ್ಲಿ ನಿಂತು ಅವನ ದನಿಯಲ್ಲಿ "ಅವ್ವೋ, ಇನ್ನೊಂದು ಮುದ್ದೆ ಇಕ್ಕು" ಎನ್ನುವುದು, ಅವ್ವ ತಿರುಗಿ ನೋಡದೆ ಅವನ ತಟ್ಟೆಗೆ ಮುದ್ದೆ ಹಾಕುವುದು, ಅವನು "ನಾನೆಲ್ಲಿ ಕೇಳ್ದೆ?" ಎಂದು ರೇಗುವುದು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಅಣ್ಣ ಆಮೇಲೆ ಕೊಟ್ಟಿಗೆಗೆ ಎಳೆದುಕೊಂಡು ಹೋಗಿ ನನ್ನನ್ನು ಗುದ್ದುತ್ತಿದ್ದ. ಅವ್ವ ನಕ್ಕರೆ ಗುದ್ದು ನನಗೆ ಲೆಕ್ಕಕ್ಕಿರಲಿಲ್ಲ. ನನ್ನ ಮೊದಲ ಪ್ರೇಕ್ಷಕಳು ಅವಳೇ.

ಆ ವರ್ಷ ಊರಿಗೆಲ್ಲ ಚಳಿಜ್ವರ ಬಂತು. ನನಗೂ ಬಂತು, ಅಣ್ಣನಿಗೂ ಬಂತು. ನನಗೆ ಬಿಟ್ಟಿತು. ಅವನನ್ನು ಚನ್ನರಾಯಪಟ್ಟಣದ ಆಸ್ಪತ್ರೆಗೆಂದು ಕಂಬಳಿ ಹೊದಿಸಿ ಗಾಡಿಯಲ್ಲಿ ಮಲಗಿಸಿಕೊಂಡು ಹೊರಟರು. ಬಾಗೂರು ದಾಟುವ ಮುಂಚೆಯೇ ಗಾಡಿ ತಿರುಗಿಸಬೇಕಾಯಿತು. ಅಪ್ಪ ಎತ್ತಿನ ಮುಂದೆ ನಡೆದುಕೊಂಡು ಬರುತ್ತಿದ್ದದ್ದನ್ನು ನಾನು ಜಗಲಿಯಿಂದ ಕಂಡೆ. ಗಾಡಿಯಲ್ಲಿ ಕೂತು ಹೊಡೆಯದೆ ಯಾಕೆ ನಡೆಯುತ್ತಿದ್ದಾನೆ ಎಂದು ಯೋಚಿಸುತ್ತ ನಿಂತಿದ್ದೆ.

ಆಮೇಲೆ ಅವ್ವ ಅಡಿಗೆಮನೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದಳು. ಅಳಲಿಲ್ಲ, ಮಾತಾಡಲಿಲ್ಲ. ಅಪ್ಪ ಗಂಜಿ ಹಿಡಿದು ಕೂತರೆ ಎರಡು ಗುಟುಕು ಕುಡಿದು ಮತ್ತೆ ತಿರುಗಿಕೊಳ್ಳುತ್ತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕೂತರೂ ಕೂರದಿದ್ದರೂ ಅವಳಿಗೆ ಒಂದೇ ಆಗಿತ್ತು. ಇವಳೂ ಹೋಗುತ್ತಾಳೆ ಎಂದು ಬಂದವರು ಪಿಸುಗುಟ್ಟುವುದನ್ನು ಕೇಳಿದೆ. ನನಗೆ ಆಗ ಒಂಬತ್ತು ವರ್ಷವಿರಬೇಕು. ಅಷ್ಟು ಹೆದರಿಕೆ ಆಮೇಲೆ ಯಾವತ್ತೂ ಆಗಿಲ್ಲ.

ಹದಿನೈದು ದಿನದ ಮೇಲೆ ಮಹಾರಾಜರ ಪಟ ಮತ್ತೆ ಮೊಳೆಗೆ ಏರಿತು. ಮೇಷ್ಟ್ರು ಪುಸ್ತಕ ತೆರೆದು ತಲೆ ಎತ್ತದೆ ಹೆಸರು ಕೂಗುತ್ತಾ ಬಂದರು. ರೂಢಿಬಲದಿಂದ ನಾಲಿಗೆ ತಾನೇ ಓಡಿತೋ ಏನೋ, "ಸಿದ್ದಪ್ಪ" ಎಂದರು. ಅಂದ ಮೇಲೆ ಅವರಿಗೆ ಗೊತ್ತಾಯಿತು. ಮಕ್ಕಳಿಗೂ ಗೊತ್ತಾಯಿತು. ಗೋಡೆಯ ಆಚೆ ಅವ್ವ ಮಲಗಿದ್ದಾಳೆ, ಅವಳಿಗೆ ಈ ಹೆಸರು ಕೇಳಿದೆ, ಅದರ ಹಿಂದೆ ಈ ಮೌನವೂ ಕೇಳುತ್ತಿದೆ ಎಂಬುದೊಂದೇ ನನ್ನ ತಲೆಯಲ್ಲಿತ್ತು. ನಾನು ಬಾಯಿ ತೆರೆದದ್ದು ನನಗೆ ನೆನಪಿಲ್ಲ.

"ಇವ್ನಿ ಸಾ."

ಒಡಕು ದನಿ, ಅದೇ ಎಳೆತ. ಪಕ್ಕದ ಹುಡುಗ ಚಾಪೆಯಿಂದ ದೂರ ಸರಿದ. ಮೇಷ್ಟ್ರು ನನ್ನತ್ತ ನೋಡಲಿಲ್ಲ. ಅವರ ಕೈಯಲ್ಲಿ ಲೇಖನಿ ಸ್ವಲ್ಪ ಹೊತ್ತು ಹಾಗೇ ನಿಂತಿತ್ತು, ಆಮೇಲೆ ಗೆರೆ ಎಳೆಯಿತು. ಕೂಗಿದ್ದರು, ಉತ್ತರ ಬಂದಿತ್ತು, ಬರೆದರು. ಮುಂದಿನ ಹೆಸರು ನನ್ನದು. "ನಂಜುಂಡ" ಎಂದಾಗ "ಹಾಜರ್ ಸಾ" ಎಂದೆ. ಆ ಹೊತ್ತಿಗೆ ಅಡಿಗೆಮನೆಯ ಬಾಗಿಲಲ್ಲಿ ಅವ್ವ ಬಂದು ನಿಂತಿದ್ದಳು. ಕೂದಲು ಕೆದರಿತ್ತು. ಕಂಬ ಹಿಡಿದುಕೊಂಡು ಪಡಸಾಲೆಯನ್ನೆಲ್ಲ ಒಮ್ಮೆ ನೋಡಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಬೀಸುಕಲ್ಲಿನ ಸದ್ದು ಶುರುವಾಯಿತು. ಅಂದು ಮಧ್ಯಾಹ್ನ ನಮಗೆ ಅವಳ ಕೈಯ ಮುದ್ದೆ ಸಿಕ್ಕಿತು.

ಆಮೇಲೆ ದಿನಾ ಹಾಗೇ ನಡೆಯಿತು. ಯಾರೂ ಯಾರಿಗೂ ಹೀಗೆ ಮಾಡೋಣ ಎಂದು ಹೇಳಲಿಲ್ಲ. ಪುಸ್ತಕದಲ್ಲಿ ಇಪ್ಪತ್ತು ಹೆಸರಿಲ್ಲದಿದ್ದರೆ ಸ್ಕೂಲನ್ನು ಬಾಗೂರಿಗೆ ಎತ್ತುತ್ತಾರೆ ಎಂದು ಮೇಷ್ಟ್ರು ಹಿಂದೆ ಹೇಳಿದ್ದರು, ಅಣ್ಣನನ್ನು ಸೇರಿಸಿ ನಾವು ಸರಿಯಾಗಿ ಇಪ್ಪತ್ತು. ಅವರು ಕೂಗಿದ್ದು ಅದಕ್ಕೇ ಇರಬಹುದು. ಗೋಡೆಯಾಚೆಯ ಹೆಂಗಸಿಗಾಗಿಯೂ ಇರಬಹುದು. ಊರಿನ ಉಳಿದ ಹೆಂಗಸರು ಬೆಳಕು ಹರಿಯುವ ಮುಂಚೆ ರಾಗಿ ಬೀಸಿ ಮುಗಿಸುತ್ತಿದ್ದರು. ಅವ್ವನೂ ಮೊದಲು ಹಾಗೇ ಮಾಡುತ್ತಿದ್ದವಳು. ಈಗ ಅವಳು ಬೀಸುವುದು ಹಾಜರಿ ಕೂಗುವ ಹೊತ್ತಿಗೆ. ಅಣ್ಣನ ಹೆಸರು ಬರುವಾಗ ಕಲ್ಲು ನಿಲ್ಲುತ್ತಿತ್ತು. "ಇವ್ನಿ ಸಾ" ಎಂದ ಮೇಲೆ ಮತ್ತೆ ತಿರುಗುತ್ತಿತ್ತು. "ನಂಜುಂಡ" ಎಂಬ ಹೆಸರು, ನನ್ನ "ಹಾಜರ್ ಸಾ", ಎರಡೂ ಆ ಕಲ್ಲಿನ ಗರಗರ ಸದ್ದಿನಲ್ಲಿ ಮುಳುಗಿ ಹೋಗುತ್ತಿದ್ದವು. ನಾನು ಗಟ್ಟಿಯಾಗಿ ಕೂಗಿ ನೋಡಿದೆ. ಒಂದು ದಿನ ಕಿರುಚಿಯೇ ನೋಡಿದೆ, ಮೇಷ್ಟ್ರಿಂದ ಬೈಸಿಕೊಂಡೆ. ಕಲ್ಲು ನಿಲ್ಲಲಿಲ್ಲ. ಸತ್ತ ಅಣ್ಣನ ಮೇಲೆ ನನಗೆ ಹೊಟ್ಟೆಕಿಚ್ಚು ಬಂತು. ಇದನ್ನು ಮುಚ್ಚಿಟ್ಟು ದೊಡ್ಡ ಮನುಷ್ಯನಾಗುವ ವಯಸ್ಸು ಈಗ ನನ್ನದಲ್ಲ.

ಮೇಷ್ಟ್ರು ಉಪ್ಪು ಬಿಟ್ಟದ್ದು ಆ ದಿನಗಳಲ್ಲೇ. ವಾರದ ಪಡಿ ಕೊಡಲು ಅವ್ವ ಮೊರ ಹಿಡಿದು ಹೋದಾಗ ಉಪ್ಪಿನ ಪೊಟ್ಟಣವನ್ನು ಹಿಂದಕ್ಕೆ ಸರಿಸಿದರು.

"ಇದು ಬೇಡಿ ತಾಯಿ. ಬಿಟ್ಟಿದ್ದೀನಿ."

"ಯಾಕ್ ಸಾ, ಮೈಗುಸಾರಿಲ್ವಾ?"

"ಹಂಗೇ ಅಂದ್ಕೊಳಿ."

ತಪ್ಪು ಮಾಡಿದೆ ಅನ್ನಿಸಿದರೆ ಅವರ ಜನ ನಾಲಿಗೆಯ ರುಚಿಯೊಂದನ್ನು ಬಿಟ್ಟು ಅದನ್ನು ತೀರಿಸಿಕೊಳ್ಳುತ್ತಾರೆಂದು ನನಗೆ ತಿಳಿದದ್ದು ಬಹಳ ವರ್ಷದ ಮೇಲೆ. ಆಗ ಕಂಡದ್ದಿಷ್ಟೇ: ಸಂಜೆ ಬಿಸಿಲು ಇರುವಾಗಲೇ ಆ ಮನುಷ್ಯ ಕೋಣೆಯ ಹೊಸ್ತಿಲಲ್ಲಿ ಕೂತು, ಸಪ್ಪೆ ಅನ್ನವನ್ನು ಔಷಧಿಯ ಹಾಗೆ ನುಂಗುತ್ತಿದ್ದರು. ನನ್ನನ್ನು ಕಂಡರೆ ತಲೆ ತಗ್ಗಿಸುತ್ತಿದ್ದರು.

ಒಂದು ಮಧ್ಯಾಹ್ನ ಊಟಕ್ಕೆ ಕೂತರೆ ನನ್ನ ಮುಂದೆ ಅಣ್ಣನ ಕಂಚಿನ ತಟ್ಟೆ ಇತ್ತು. ಮುದ್ದೆಯ ಪಕ್ಕದಲ್ಲಿ ಬೆಲ್ಲದ ಚೂರು. ಸಾರಿನ ಜೊತೆಗೆ ಬೆಲ್ಲ ಕಚ್ಚಿಕೊಳ್ಳುವುದು ಅಣ್ಣನ ಚಾಳಿ, ನನಗೆ ಅದು ಸೇರುತ್ತಿರಲಿಲ್ಲ. ಅಪ್ಪ ತಟ್ಟೆ ನೋಡಿದ, ಬೆಲ್ಲ ನೋಡಿದ.

"ಏನಮ್ಮೀ ಇದು? ಇವ್ನ ತಟ್ಟೆ ಎಲ್ಲಿ?"

ಅವ್ವ ಸಾರು ಬಡಿಸಿದಳು.

"ಸತ್ತೋನ್ನ ಓಗೋಕ್ಬುಡು. ಇರೋನ್ನ ನೋಡು. ಇವ್ನೂ ನಿನ್ನ ಮಗ್ನೇ ಕಣಮ್ಮೀ!"

"ಉಣ್ಣೋ ಒತ್ತಲ್ಲಿ ಕೂಗಾಡ್ಬ್ಯಾಡ" ಎಂದಳು ಅವ್ವ. ಎಷ್ಟೋ ದಿನದ ಮೇಲೆ ಅವಳು ಅಪ್ಪನೊಂದಿಗೆ ಆಡಿದ ಮಾತು ಅದು. ಅಪ್ಪ ಕೈ ತೊಳೆದುಕೊಂಡು ಎದ್ದು ಹೋದ. ನಾನು ಬೆಲ್ಲ ಕಚ್ಚಿದೆ. ಅಣ್ಣನ ಹಾಗೆ ಎಡದವಡೆಯಲ್ಲಿ ಇಟ್ಟುಕೊಂಡು ಸಾರು ಸುರಿದೆ. ಅವ್ವ ಒಲೆಯ ಮುಂದೆ ಕೂತು ನನ್ನನ್ನೇ ನೋಡುತ್ತಿದ್ದಳು, ಅವಳ ಮುಖ ಎಷ್ಟು ತಿಳಿಯಾಗಿತ್ತೆಂದರೆ ನಾನು ಇನ್ನೊಂದು ಚೂರು ಬೆಲ್ಲ ಕೇಳಿದೆ. ನೋಡುತ್ತಿರುವುದು ನನ್ನನ್ನಲ್ಲ ಎಂದು ಗೊತ್ತಿತ್ತು. ಆದರೂ ಆ ನೋಟ ಬೀಳುತ್ತಿದ್ದದ್ದು ನನ್ನ ಮೈಮೇಲೆ ತಾನೆ. ಅಲ್ಲಿಂದಾಚೆಗೆ ತೋಟದಲ್ಲಿ ಒಬ್ಬನೇ ದನ ಕರೆಯುವಾಗಲೂ ಬಾಯಿಂದ ಅವನ ದನಿಯೇ ಬರತೊಡಗಿತು. ತಡೆದರೂ ಬರುತ್ತಿತ್ತು. ದನಗಳು ತಲೆ ಎತ್ತಿ, ನನ್ನ ಹಿಂದೆ ಯಾರಿದ್ದಾರೆ ಎಂಬಂತೆ ನೋಡುತ್ತಿದ್ದವು. ನಾನೂ ತಿರುಗಿ ನೋಡುತ್ತಿದ್ದೆ.

ಬೇಸಿಗೆ ಹತ್ತಿರವಾದಾಗ ಇನ್‌ಸ್ಪೆಕ್ಟರು ಬಂದರು. ಕರಿ ಕೋಟು, ಜರಿ ಪೇಟ, ಒಳ್ಳೆಯ ಮುಖ. ಯಾರ ಮೇಲೂ ದರ್ಪ ಮಾಡಲಿಲ್ಲ. ಹಾಜರಿ ನಾನೇ ಕೂಗುತ್ತೇನೆ ಎಂದು ಪುಸ್ತಕ ಕೈಗೆ ತೆಗೆದುಕೊಂಡರು. ಹೆಸರು ಕೂಗಿದ ಮಗು ಎದ್ದು ಉತ್ತರ ಕೊಟ್ಟು ಪಡಸಾಲೆಯ ಆ ಕಡೆಗೆ ಹೋಗಿ ನಿಲ್ಲಬೇಕು ಎಂದರು. ಮೇಷ್ಟ್ರ ಮುಖ ಸುಣ್ಣದಂತಾಯಿತು. ಎರಡು ಹೆಸರು, ಒಬ್ಬನೇ ಹುಡುಗ. ಅಣ್ಣನ ಹೆಸರಿಗೆ ಸುಮ್ಮನಿದ್ದರೆ ಸಾಕು, ಒಂದು ಗೈರುಹಾಜರಿ ಅಷ್ಟೇ, ಯಾರಿಗೂ ಏನೂ ಆಗುವುದಿಲ್ಲ ಎಂದು ಮನಸ್ಸಿನಲ್ಲೇ ಗಟ್ಟಿಮಾಡಿಕೊಂಡೆ.

"ಸಿದ್ದಪ್ಪ."

ಗೋಡೆಯ ಆಚೆ ಕಲ್ಲು ನಿಂತಿತು. ನಿಂತೇ ಇತ್ತು. ಅಷ್ಟು ಹೊತ್ತು ಅದು ಹಿಂದೆಂದೂ ನಿಂತಿರಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದ್ದ ಅವ್ವನ ಬೆನ್ನು ನನ್ನ ಕಣ್ಣಿಗೆ ಬಂತು. ನಾನು ಎದ್ದೆ.

"ಇವ್ನಿ ಸಾ."

ಕಲ್ಲು ತಿರುಗಿತು. ನಾನು ಆ ಕಡೆಗೆ ಹೋಗಿ ನಿಂತೆ. ಇನ್‌ಸ್ಪೆಕ್ಟರು ನನ್ನ ಹೆಸರು ಕೂಗಿದರು. ಉತ್ತರ ಕೊಡಬೇಕಾದವನು ಖಾಲಿ ಚಾಪೆಯನ್ನು ನೋಡುತ್ತ ನಿಂತಿದ್ದೆ. ಎರಡನೆಯ ಸಲ ಕೂಗಿದರು. ಮಕ್ಕಳು ನನ್ನನ್ನೂ ಮೇಷ್ಟ್ರನ್ನೂ ನೋಡಿದರು.

"ಇದೇನು ಮೇಷ್ಟ್ರೆ? ಈಚೆಗೆ ಒಂದು ದಿನವೂ ತಪ್ಪಿಸಿಲ್ಲ ಹುಡುಗ. ಇವತ್ತೆಲ್ಲಿ?"

ಮೇಷ್ಟ್ರು ಬಾಯಿ ತೆರೆಯುವ ಮುಂಚೆ ಅಡಿಗೆಮನೆಯ ಬಾಗಿಲಿಂದ ಅವ್ವ ಹೊರಗೆ ಬಂದಳು. ಗುರುತಿಲ್ಲದ ಗಂಡಸರ ಮುಂದೆ ಎಂದೂ ನಿಂತವಳಲ್ಲ. ಕೈಯೆಲ್ಲ ರಾಗಿ ಹಿಟ್ಟು. ಸೆರಗು ತಲೆಯ ಮೇಲೆ ಎಳೆದುಕೊಂಡು, ನೆಲ ನೋಡುತ್ತ ಹೇಳಿದಳು:

"ಚಿಕ್ಕೋನು ಓಗ್ಬುಟ್ಟ ಸಾ. ಚಳಿಜ್ವರ ಬಂದು ಓಗ್ಬುಟ್ಟ. ಉಳ್ದಿರೋನು ಇವ್ನೊಬ್ನೇ."

ಇನ್‌ಸ್ಪೆಕ್ಟರು ಪೇಟ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಪಾಪ, ತಿಳಿಯದೆ ಕೇಳಿದೆ ತಾಯಿ ಎಂದರು. ಹುಡುಗ ತೀರಿಕೊಂಡ ಮೇಲೂ ಗೆರೆ ಎಳೆದಿದ್ದಕ್ಕೆ ಮೇಷ್ಟ್ರನ್ನು ಒಂದು ಸಲ ದಿಟ್ಟಿಸಿದರು, ಊರಿನ ಸ್ಕೂಲು ಉಳಿಸಲು ಹೀಗೆ ಮಾಡಿದ್ದಾರೆ ಎಂದು ಅರ್ಥಮಾಡಿಕೊಂಡಿರಬೇಕು, ಬೈಯಲಿಲ್ಲ. ಕೆಂಪು ಶಾಯಿಯಲ್ಲಿ ನಂಜುಂಡ ಎಂಬ ಹೆಸರನ್ನು ಹೊಡೆದು ಹಾಕಿದರು. ನಾನು ಮಹಾರಾಜರ ಪಟದ ಕೆಳಗೆ ನಿಂತು ಅದನ್ನು ನೋಡಿದೆ. ಯಾವ ಮಗನ ಹೆಸರು ಹೊಡೆದರೂ ಉಳಿಯುವುದು ಹತ್ತೊಂಬತ್ತೇ, ಸ್ಕೂಲು ಹೋಗುವುದೇ. ಆ ಸುಳ್ಳಿನಿಂದ ಅವ್ವನಿಗೆ ಉಳಿದದ್ದು ಅಣ್ಣನ ದನಿಯೊಂದೇ. ಅವಳಿಗೆ ತಲೆ ಕೆಟ್ಟಿತ್ತೋ, ಚೆನ್ನಾಗಿ ತಿಳಿದೇ ಅಂದಳೋ, ನಾನು ಒಮ್ಮೆಯೂ ಕೇಳಲಿಲ್ಲ. ಕೇಳಲು ಹೆದರಿದೆ.

ತಿಂಗಳೊಳಗೆ ಸ್ಕೂಲು ಬಾಗೂರಿಗೆ ಹೋಯಿತು. ಹೊರಡುವ ದಿನ ಮೇಷ್ಟ್ರು ನನ್ನನ್ನು ಪಡಸಾಲೆಗೆ ಕರೆದು ಎದುರಿಗೆ ಕೂರಿಸಿಕೊಂಡರು. ಹೊಳೆನರಸೀಪುರದಲ್ಲಿ ಸೋದರಮಾವನ ಮನೆಯಲ್ಲಿ ಬಿಟ್ಟು ನನ್ನನ್ನು ಮುಂದಕ್ಕೆ ಓದಿಸಬೇಕೆಂದು ಅಪ್ಪ ಹೇಳಿದ್ದ, ಅದಕ್ಕೆ ಸ್ಕೂಲು ಬಿಟ್ಟ ಪತ್ರ ಬೇಕಿತ್ತು. ಮೇಷ್ಟ್ರು ಹಾಳೆಯನ್ನು ಮಣೆಯ ಮೇಲೆ ಇಟ್ಟು ಶಾಯಿಯಲ್ಲಿ ಲೇಖನಿ ಅದ್ದಿದರು.

"ಯಾವ ಹೆಸರು ಬರೀಲಪ್ಪ?" ಎಂದರು. "ನಿನ್ನ ಹೆಸರೇ ಬರೀತೀನಿ. ಇನ್‌ಸ್ಪೆಕ್ಟರ ಕಾಲಿಗೆ ಬಿದ್ದು ನಿಜ ಹೇಳ್ತೀನಿ. ನನ್ನ ಕೆಲಸ ಹೋದರೆ ಹೋಗಲಿ. ನಿನ್ನ ಬಾಯಲ್ಲಿ ಒಂದು ಸಲ ಹೇಳು ಸಾಕು."

ಅಪ್ಪ ಹೊಲಕ್ಕೆ ಹೋಗಿದ್ದ. ಅವ್ವ ಒಳಗಿದ್ದಳು. ನನ್ನ ಹೆಸರು ನಾಲಿಗೆಯ ತುದಿಗೆ ಬಂದಿತ್ತು, ಇದನ್ನು ಆಣೆ ಮಾಡಿ ಹೇಳಬಲ್ಲೆ. ಆದರೆ ಆಚೆ ಕಲ್ಲು ನಿಂತಿತ್ತು. ಗೋಡೆಗೆ ಕಿವಿ ಕೊಟ್ಟು ಕೂತ ಅವಳ ಉಸಿರು ಕೂಡ ನನಗೆ ಕೇಳಿದ ಹಾಗಿತ್ತು.

"ಸಿದ್ದಪ್ಪ ಅಂತ ಬರೀರಿ ಸಾ" ಎಂದೆ.

ಕಲ್ಲು ತಿರುಗತೊಡಗಿತು. ಮೇಷ್ಟ್ರು ಬರೆದರು. ಕೇಳಿದ್ದನ್ನು ಬರೆಯುವ ಮನುಷ್ಯ ತಾನೆ. ಅವರು ಚೀಲ ಹೆಗಲಿಗೇರಿಸಿ ಜಗಲಿ ಇಳಿಯುವಾಗ ಅವ್ವ ಬಾಗಿಲಿಗೆ ಬಂದು, "ಇನ್ನಾದ್ರೂ ಉಪ್ಪು ತಿನ್ನಿ ಸಾ" ಎಂದಳು. ಅವಳಿಗೆ ಅದೆಲ್ಲ ಎಂದೋ ಅರ್ಥವಾಗಿತ್ತು. ಮೇಷ್ಟ್ರು ಕೈ ಮುಗಿದು ಬಾಗೂರಿನ ದಾರಿ ಹಿಡಿದರು.

ಪತ್ರ ಅಪ್ಪನ ಕೈಗೆ ಬಂದಾಗ ಅವನು ಓದಿಸಿ ಕೇಳಿದ. ಬದುಕಿರೋನ್ನ ಸಾಯಿಸಿಬುಟ್ರಲ್ಲ ಎಂದು ತಲೆಯ ಮೇಲೆ ಕೈ ಹೊತ್ತು ಕೂತ. ಸರಿ ಮಾಡಿಸುತ್ತೇನೆ ಎಂದು ಒಂದೆರಡು ಸಲ ಪಂಚೆ ಉಟ್ಟು ಹೊರಟ, ಅವ್ವನ ಮುಖ ನೋಡಿ ಮತ್ತೆ ಕೂತ. ಹೊಳೆನರಸೀಪುರದ ಸ್ಕೂಲಿನಲ್ಲಿ ಎಲ್ಲರೂ "ಪ್ರೆಸೆಂಟ್ ಸಾರ್" ಎಂದರೆ ನಾನು "ಇವ್ನಿ ಸಾ" ಎಂದು ಮೊದಲ ದಿನವೇ ಪೆಟ್ಟು ತಿಂದೆ. ಅಲ್ಲಿ ಗೋಡೆಯ ಆಚೆ ಯಾರೂ ಇರಲಿಲ್ಲ, ಆದರೂ ಬೇರೆ ದನಿ ಬರಲಿಲ್ಲ. ಮುಂದೆ ಕಂಪನಿಯ ಕರಪತ್ರಗಳಲ್ಲಿ ಅಚ್ಚಾದದ್ದು, ಸನ್ಮಾನದ ಫಲಕಗಳಲ್ಲಿ ಕೊರೆದದ್ದು, ನೀವೆಲ್ಲ ಕರೆಯುವುದು, ಎಲ್ಲ ಅಣ್ಣನ ಹೆಸರು. ಯಾರ ದನಿಯನ್ನಾದರೂ ಒಂದು ಸಲ ಕೇಳಿ ಹಿಡಿದುಬಿಡುತ್ತಾನೆ ಎಂದು ನನ್ನನ್ನು ಹೊಗಳುತ್ತಿದ್ದರು. ಅವ್ವ ಮಾತ್ರ ನನ್ನನ್ನು ಆ ಹೆಸರಿನಿಂದಲೂ ಕರೆಯಲಿಲ್ಲ, ಈ ಹೆಸರಿನಿಂದಲೂ ಕರೆಯಲಿಲ್ಲ. "ಮಗ" ಎನ್ನುತ್ತಿದ್ದಳು, ಅಷ್ಟೇ. ನಾನು ಕಾದೆ. ಎಂದಾದರೂ ಒಂದು ದಿನ ಬಾಯಿತಪ್ಪಿಯಾದರೂ ಕರೆದಾಳು ಎಂದು ತಲೆ ನರೆಯುವವರೆಗೆ ಕಾದೆ.

ಕೊನೆಗಾಲದಲ್ಲಿ ಅವಳು ಹಾಸನದಲ್ಲಿ ನನ್ನ ಮನೆಯಲ್ಲಿದ್ದಳು. ಒಂದು ಬೆಳಿಗ್ಗೆ, ಹತ್ತರ ಹೊತ್ತು, ನಾನು ಪಕ್ಕದ ಕೋಣೆಯಲ್ಲಿ ಪೇಪರು ಓದುತ್ತಿದ್ದೆ. ಗೋಡೆಯ ಆಚೆಯಿಂದ ದನಿ ಬಂತು.

"ನಂಜಾ..."

ಪೇಪರು ಕೈಯಿಂದ ಜಾರಿತು. ಅರುವತ್ತರ ಹತ್ತಿರದ ಮುದುಕ ನಾನು, ಚಾಪೆಯ ಮೇಲಿನ ಹುಡುಗನ ಹಾಗೆ ಎದ್ದು ನಿಂತೆ. ಓಗೊಡಲು ಬಾಯಿ ತೆರೆದೆ. ನಂಜುಂಡನ ದನಿ ಹೇಗಿತ್ತು? ರಾಜನದು ಗೊತ್ತು, ಭಿಕ್ಷುಕನದು ಗೊತ್ತು, ಎಷ್ಟೋ ಜನ ಸತ್ತವರದು ಗೊತ್ತು. ಎಷ್ಟು ಹುಡುಕಿದರೂ ಅದು ಸಿಗಲಿಲ್ಲ. ಅವಳು ಕಾಯುತ್ತಿದ್ದಳು. ತಡವಾದರೆ ಅವಳು ಗೋಡೆಗೆ ತಿರುಗಿಬಿಡುತ್ತಾಳೆ ಎಂಬ ಹಳೆಯ ಹೆದರಿಕೆ ಬಂತು.

"ಇವ್ನಿ ಕಣವ್ವ" ಎಂದೆ, ಒಡಕು ದನಿಯಲ್ಲಿ, ಎಳೆದು.

ಆಚೆಯಿಂದ ಅವಳು ಅಕ್ಕರೆಯಿಂದಲೇ ಅಂದಳು.

"ನೀನಲ್ಲ ಕಣಪ್ಪ ಸಿದ್ದ. ಚಿಕ್ಕೋನ್ನ ಕೂಗ್ತಾವ್ನಿ. ಎಲ್ಲವ್ನೆ ನೋಡು, ಒತ್ತಾಯ್ತು, ಉಂಡಿಲ್ಲ ಅವ್ನು."

ನಾನು ಬೀದಿ ಬಾಗಿಲವರೆಗೆ ಹೋದೆ. ಹೊಸ್ತಿಲಲ್ಲಿ ನಿಂತು ಆ ಕಡೆ ಈ ಕಡೆ ನೋಡಿದೆ. ಒಳಗೆ ಬಂದು, ಅಣ್ಣನ ದನಿಯಲ್ಲೇ, "ಬತ್ತಾವ್ನೆ ಕಣವ್ವ" ಎಂದೆ.